ಅಟ್ಟದ ಸಾಮಾನಿಗೆ ಮತ್ತೊಂದು ಸರದಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ವಸ್ತುಗಳಿಂದ ಮನೆಯನ್ನು ಅಂದಗೊಳಿಸುವ ಬಗ್ಗೆ ಬಂದ ಪತ್ರಗಳಲ್ಲಿ ಎಂಟನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇನೆ. ಬಹುತೇಕ ಎಲ್ಲರೂ ‘ಇದರಿಂದ ಏನು ಮಾಡಬಹುದು’ ಎಂದು ಕೇಳಿದ್ದಾರೆ. ‘ನಿಮ್ಮ ಮನೆಗೆ ಸದ್ಯ ಏನು ಬೇಕಾಗಿದೆ’ ಎಂಬ ಮರುಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಉತ್ತರಿಸಿದ್ದೇನೆ. ಬೇಡದ ಬಾಟಲಿಗೆ ಬಣ್ಣ ಬಳಿದರೆ ಅದು ಬಣ್ಣದ ಬೇಡದ ಬಾಟಲಿಯಾಗುತ್ತದೆ, ಅಷ್ಟೆ.

ಪ್ರಶ್ನೆ: ತೀರಿಕೊಂಡ ನಮ್ಮ ಅತ್ತೆಯವರ ಇಪ್ಪತ್ತಕ್ಕೂ ಹೆಚ್ಚು ಸೀರೆಗಳು ಟ್ರಂಕಿನಲ್ಲಿವೆ. ಇಳಕಲ್ ಸೀರೆಗಳಿವೆ, ಸಾದಾ ನೂಲಿನವು ಇವೆ, ಒಂದಷ್ಟು ಪಾಲಿಯೆಸ್ಟರ್ ಸೀರೆಗಳೂ ಇವೆ. ಉಡುವವರಿಲ್ಲ, ಕೊಟ್ಟುಬಿಡಲು ಮನಸ್ಸಿಲ್ಲ. ಕೌದಿ ಹೊಲಿಯಬೇಕೆಂಬ ಆಸೆಯಿದೆ, ಆದರೆ ನನ್ನದು ಹೊಲಿಗೆಯಲ್ಲಿ ಪಳಗಿದ ಕೈಯಲ್ಲ. ಎಲ್ಲಿಂದ ಆರಂಭಿಸಲಿ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಕತ್ತರಿಯನ್ನು ಮುಟ್ಟುವ ಮೊದಲು ಎಲ್ಲ ಸೀರೆಗಳನ್ನೂ ಒಮ್ಮೆ ಒಗೆದು, ಬಿಸಿಲಿಗೆ ಹಾಕಿ, ನೂಲು, ಪಾಲಿಯೆಸ್ಟರ್, ರೇಷ್ಮೆ ಎಂದು ಮೂರು ಗುಂಪು ಮಾಡಿಕೊಳ್ಳಿ. ಯಾವುದು ನೂಲು, ಯಾವುದು ಪಾಲಿಯೆಸ್ಟರ್ ಎಂಬ ಅನುಮಾನ ಬಂದರೆ ಅಂಚಿನಿಂದ ಒಂದೆರಡು ಎಳೆ ಕಿತ್ತು ದೀಪಕ್ಕೆ ಹಿಡಿಯಿರಿ. ಹತ್ತಿಯ ನೂಲು ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ. ಕೌದಿಗೆ ಬೇಕಾದದ್ದು ಮೊದಲನೆಯ ಗುಂಪು ಮಾತ್ರ. ಪಾಲಿಯೆಸ್ಟರ್ ಬೆವರನ್ನು ಹೀರುವುದಿಲ್ಲ, ರೇಷ್ಮೆಯೂ ನೂಲೂ ಒಗೆತದಲ್ಲಿ ಒಂದೇ ಸಮನೆ ಕುಗ್ಗುವುದಿಲ್ಲ. ಈ ಮೂರನ್ನು ಬೆರೆಸಿ ಹೊಲಿದ ಕೌದಿ ಎರಡು ಒಗೆತಕ್ಕೆ ಸುಕ್ಕುಗಟ್ಟಿ ಅಲ್ಲಲ್ಲಿ ಉಬ್ಬಿಕೊಳ್ಳುತ್ತದೆ.

ಇಳಕಲ್ ಸೀರೆಗಳ ವಿಷಯದಲ್ಲಿ ಅವಸರ ಬೇಡ. ಅವುಗಳಲ್ಲಿ ಒಡಲು ನೂಲಿನದಾಗಿದ್ದು ಸೆರಗು ರೇಷ್ಮೆಯದಾಗಿದ್ದರೆ ಸೆರಗನ್ನು ಬೇರ್ಪಡಿಸಿ ಎತ್ತಿಡಿ. ಸೆರಗಿನ ಮೇಲೆ ಕಸೂತಿಯ ಗೋಪುರ, ತೇರು, ಆನೆ ಅಂಬಾರಿಗಳಿದ್ದರಂತೂ ಅದನ್ನು ತುಂಡರಿಸಲೇಬೇಡಿ. ಎಳೆ ಎಣಿಸಿ ಹಾಕಿದ ಗವಂತಿ ಹೊಲಿಗೆ ಬಟ್ಟೆಯ ಎರಡೂ ಬದಿಗಳಲ್ಲಿ ಒಂದೇ ರೀತಿ ಕಾಣುವಂಥದ್ದು. ಒಂದು ಕಡೆ ಕತ್ತರಿ ಬಿದ್ದರೆ ದಾರ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಅಂಥ ಸೆರಗನ್ನು ಬಿಳಿಯ ನೂಲು ಬಟ್ಟೆಯ ಮೇಲೆ ಸಣ್ಣ ಹೊಲಿಗೆಗಳಿಂದ ಕೂರಿಸಿ, ಚೌಕಟ್ಟು ಹಾಕಿಸಿ, ನೇರ ಬಿಸಿಲು ಬೀಳದ ಗೋಡೆಗೆ ತೂಗುಹಾಕಬಹುದು. ಅಂಟು ಮಾತ್ರ ಬಳಸಬೇಡಿ, ಕೆಲವು ವರ್ಷಗಳಲ್ಲಿ ಅದು ಹಳದಿ ಕಲೆಯಾಗಿ ಮುಂದೆ ಬರುತ್ತದೆ. ನಿಮ್ಮ ಅತ್ತೆಯವರ ನೆನಪಿಗೆ ಕೋಣೆಯಲ್ಲಿ ಇದಕ್ಕಿಂತ ಒಳ್ಳೆಯ ವಸ್ತು ಇರಲಾರದು ಎಂಬುದು ನನ್ನ ಅಭಿಪ್ರಾಯ.

ಈಗ ಕೌದಿಯ ಲೆಕ್ಕ. ಸಾಮಾನ್ಯವಾಗಿ ಸೀರೆ ಐದೂವರೆ ಮೀಟರ್ ಉದ್ದ, 45 ಅಂಗುಲ ಅಗಲ ಇರುತ್ತದೆ. ಅದನ್ನು ಉದ್ದದಲ್ಲಿ ಮೂರು ಸಮಭಾಗ ಮಾಡಿದರೆ ಒಂದೊಂದೂ ಆರು ಅಡಿ ಬರುತ್ತದೆ. ಎರಡು ಭಾಗಗಳನ್ನು ಪಕ್ಕಪಕ್ಕ ಜೋಡಿಸಿದರೆ ಆರು ಅಡಿಗೆ ಏಳೂವರೆ ಅಡಿಯ ಒಂದು ಪದರ ಸಿದ್ಧ. ನಾಲ್ಕು ಪದರದ ಕೌದಿಗೆ ಎಂಟು ಭಾಗ ಬೇಕು, ಮೂರು ಸೀರೆಗಳಿಂದ ಒಂಬತ್ತು ಭಾಗ ಸಿಗುತ್ತವೆ. ಉಳಿದ ಒಂದು ಭಾಗ ಅಂಚಿಗೂ ಮೇಲಿನ ತೇಪೆಗಳಿಗೂ ಸಾಕು. ಬಟ್ಟೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದಾಗ ಪಿಸಿಯುವಂತಿದ್ದರೆ ಅದನ್ನು ಒಳಪದರಕ್ಕೆ ಹಾಕಿ, ಗಟ್ಟಿಯಾದವನ್ನು ಮೇಲಕ್ಕೂ ಕೆಳಕ್ಕೂ ಇಟ್ಟುಕೊಳ್ಳಿ.

ಪದರಗಳನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಗೇಣಿಗೊಂದರಂತೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿಬಿಡಿ. ಹೊಸಬರು ಬಿಡುವುದು ಇದನ್ನೇ, ಅಳುವುದೂ ಇದಕ್ಕೇ. ಕಚ್ಚಾ ಹೊಲಿಗೆ ಇಲ್ಲದಿದ್ದರೆ ಮೇಲಿನ ಪದರ ಹೊಲಿಯುತ್ತಾ ಹೋದಂತೆ ಜರುಗಿ ಕೊನೆಯಲ್ಲಿ ಒಂದು ಮೂಲೆ ಉಳಿದುಬಿಡುತ್ತದೆ. ಅನಂತರ ದಪ್ಪ ನೂಲಿನ ದಾರದಿಂದ, ಅಂಚಿನಿಂದ ನಡುವಿನತ್ತ, ಒಂದು ಬೆರಳು ಅಂತರದ ಸಾಲುಗಳಲ್ಲಿ ನೇರ ಹೊಲಿಗೆ ಹಾಕುತ್ತಾ ಬನ್ನಿ. ಸಾಲು ಸ್ವಲ್ಪ ವಕ್ರವಾದರೆ ಚಿಂತೆಯಿಲ್ಲ, ಕೌದಿಯ ಚೆಲುವಿನಲ್ಲಿ ಅದಕ್ಕೂ ಪಾಲಿದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಹೊಲಿಯುವ ಕವಂದಿ ಎಂಬ ಕೌದಿಯಲ್ಲಿ ತೇಪೆಗಳು ಹೊರಗಿನ ಅಂಚಿನಿಂದ ಸುತ್ತುತ್ತಾ ಬಂದು ನಡುವೆ ಸೇರುತ್ತವೆ, ನಾಲ್ಕು ಮೂಲೆಗಳಿಗೆ ಮಡಿಚಿದ ಬಟ್ಟೆಯ ತ್ರಿಕೋನಗಳು ಹೂವಿನಂತೆ ಕೂರುತ್ತವೆ. ಮೊದಲೇ ವಿನ್ಯಾಸ ಬರೆದುಕೊಳ್ಳದೆ, ಕೈಗೆ ಸಿಕ್ಕ ತುಂಡಿನ ಅಳತೆಗೆ ತಕ್ಕಂತೆ ಸಾಗುವ ಆ ಕ್ರಮ ಕಲಿಯುವವರಿಗೆ ಬಹಳ ಅನುಕೂಲದ್ದು. ಮೊದಲ ಪ್ರಯತ್ನಕ್ಕೆ ಪೂರ್ಣ ಕೌದಿಯ ಬದಲು ತೊಟ್ಟಿಲ ಮಗುವಿನ ಅಳತೆಯದನ್ನು ಹೊಲಿಯಿರಿ, ಎರಡು ವಾರಗಳಲ್ಲಿ ಮುಗಿಯುತ್ತದೆ.

ಪಾಲಿಯೆಸ್ಟರ್ ಸೀರೆಗಳನ್ನು ಎರಡು ಅಂಗುಲದ ಪಟ್ಟಿಗಳಾಗಿ ಸೀಳಿ, ಜಡೆ ಹೆಣೆದು, ಚಕ್ರದಂತೆ ಸುತ್ತಿ ಹೊಲಿದರೆ ಬಚ್ಚಲ ಬಾಗಿಲಿಗೆ ಬೇಗ ಒಣಗುವ ಕಾಲೊರಸು ಸಿಗುತ್ತದೆ.

ಪ್ರಶ್ನೆ: ನಮ್ಮದು ಬಾಡಿಗೆ ಮನೆ. ಗೋಡೆಗೆ ಒಂದೇ ಒಂದು ಮೊಳೆ ಹೊಡೆಯಬಾರದೆಂದು ಮಾಲೀಕರ ಕಟ್ಟುನಿಟ್ಟು. ಬೋಳು ಹಜಾರವನ್ನು ಸಾವಿರ ರೂಪಾಯಿಯೊಳಗೆ ಸ್ವಲ್ಪವಾದರೂ ಮನೆಯಂತೆ ಮಾಡುವುದು ಹೇಗೆ?
– ಹೊಸದಾಗಿ ಮದುವೆಯಾದ ದಂಪತಿ, ಬೆಂಗಳೂರು

ಉತ್ತರ: ಗೋಡೆಯನ್ನು ಮರೆತುಬಿಡಿ. ಕೋಣೆಯ ನೋಟವನ್ನು ಬದಲಿಸುವುದು ಬಟ್ಟೆ ಮತ್ತು ಬೆಳಕು, ಅವೆರಡಕ್ಕೂ ಮೊಳೆ ಬೇಕಿಲ್ಲ. ಕಿಟಕಿಗೆ ಪರದೆಯ ಸರಳು ಹೇಗೂ ಇರುತ್ತದೆ. ಅಮ್ಮನಿಂದ ಒಂದು ನೂಲಿನ ಸೀರೆ ಕೇಳಿ ಪಡೆಯಿರಿ. ಏಳು ಅಡಿ ಎತ್ತರದ ಎರಡು ಪರದೆಗಳಿಗೆ ಮಡಿಕೆಯೂ ಸೇರಿ ನಾಲ್ಕೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ಬಟ್ಟೆ ಹಿಡಿಯುತ್ತದೆ. ಎರಡೂ ಸೇರಿ 90 ಅಂಗುಲ ಅಗಲ ಬರುವುದರಿಂದ ನಾಲ್ಕು ಅಡಿಯ ಕಿಟಕಿಗೆ ನೆರಿಗೆ ತುಂಬಿಕೊಂಡು ಚೆನ್ನಾಗಿ ಬೀಳುತ್ತದೆ. ಉಳಿಯುವ ಸುಮಾರು 90 ಸೆಂಟಿಮೀಟರ್ ತುಂಡಿನಲ್ಲಿ 16 ಅಂಗುಲದ ಎರಡು ದಿಂಬಿನ ಹೊದಿಕೆಗಳು ಬಿಗಿಯಾಗಿ ಹಿಡಿಸುತ್ತವೆ. ಬೀದಿಯ ದರ್ಜಿ ಇಷ್ಟಕ್ಕೆ ಕೇಳುವ ಕೂಲಿ ನಿಮ್ಮ ಸಾವಿರದ ಸಣ್ಣ ಭಾಗವಷ್ಟೇ. ಅಡುಗೆಮನೆಯ ಕಿಟಕಿಗೆ ಮಾತ್ರ ಸೀರೆಯ ಪರದೆ ಬೇಡ, ಒಲೆಯ ಪಕ್ಕದಲ್ಲಿ ತೇಲಾಡುವ ಬಟ್ಟೆ ಅಪಾಯ.

ಊರಿನಲ್ಲಿ ಅಟ್ಟ ಸೇರಿರುವ ಕಬ್ಬಿಣದ ಟ್ರಂಕು ಒಂದಿದ್ದರೆ ತರಿಸಿಕೊಳ್ಳಿ. ಮೇಲೆ ಮಡಿಚಿದ ಕಂಬಳಿ ಹಾಸಿದರೆ ಇಬ್ಬರು ಕೂರುವ ಆಸನವಾಗುತ್ತದೆ, ಒಳಗೆ ಚಳಿಗಾಲದ ಹೊದಿಕೆಗಳು ಹಿಡಿಯುತ್ತವೆ. ಹಳೆಯ ಬಿದಿರಿನ ಅಥವಾ ಮರದ ಏಣಿಯನ್ನು ಗೋಡೆಗೆ ಒರಗಿಸಿ, ಕಾಲುಗಳಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಜಾರದಂತೆ ಮಾಡಿದರೆ, ಮೆಟ್ಟಿಲುಗಳ ಮೇಲೆ ಟವೆಲ್, ಪತ್ರಿಕೆ, ಒಂದೆರಡು ಹಗುರ ಬುಟ್ಟಿಗಳನ್ನು ತೂಗುಹಾಕಬಹುದು.

ಬೆಳಕಿಗೆ, ತಳ ಸೋರುವ ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿ ಒಳಗೆ 5 ವ್ಯಾಟಿನ ಎಲ್‌ಇಡಿ ಬಲ್ಬ್ ಇಳಿಬಿಟ್ಟರೆ ಸಂಜೆ ಗೋಡೆಯ ತುಂಬ ನೆರಳಿನ ಚಿತ್ತಾರ ಮೂಡುತ್ತದೆ. ಹಳೆಯ ಕಾಲದ ತಂತಿ ಬಲ್ಬ್ ಹಾಕಬೇಡಿ, ಬುಟ್ಟಿ ಸುಡುತ್ತದೆ. ಹೋಲ್ಡರ್ ಮತ್ತು ವೈರನ್ನು ಹೊಸದಾಗಿಯೇ ಕೊಳ್ಳಿ. ಹಳೆಯದನ್ನು ಮರಳಿ ಬಳಸಬಾರದ ವಸ್ತುಗಳಲ್ಲಿ ವೈರು ಮೊದಲನೆಯದು.

ಪ್ರಶ್ನೆ: ಗಾಜಿನ ಬಾಟಲಿಗೆ ದಾರ ಸುತ್ತಿ, ನೇಲ್ ಪಾಲಿಶ್ ರಿಮೂವರ್‌ನಲ್ಲಿ ನೆನೆಸಿ, ಬೆಂಕಿ ಹಚ್ಚಿ ತಣ್ಣೀರಿನಲ್ಲಿ ಅದ್ದಿದರೆ ನೇರವಾಗಿ ಕತ್ತರಿಸುತ್ತದೆಂದು ವಿಡಿಯೋದಲ್ಲಿ ನೋಡಿ ಮಾಡಿದೆ. ಮೂರು ಬಾಟಲಿಗಳೂ ಓರೆಕೋರೆಯಾಗಿ ಒಡೆದವು. ತಪ್ಪು ಎಲ್ಲಿ?
– ಕಾಲೇಜು ವಿದ್ಯಾರ್ಥಿನಿ, ಉಡುಪಿ

ಉತ್ತರ: ಕೈ ಕೊಯ್ದುಕೊಳ್ಳಲಿಲ್ಲವಲ್ಲ, ಅದೇ ದೊಡ್ಡದು. ಗಾಜು ಶಾಖವನ್ನು ಬೇಗ ಹರಡುವುದಿಲ್ಲ. ದಾರದಡಿಯ ಗಾಜು ಹಿಗ್ಗಿರುವಾಗ ತಣ್ಣೀರು ಅದನ್ನು ತಟ್ಟನೆ ಕುಗ್ಗಿಸುತ್ತದೆ, ಆ ಸೆಳೆತಕ್ಕೆ ಬಿರುಕು ಹುಟ್ಟುತ್ತದೆ. ಬಾಟಲಿಯ ಗೋಡೆ ಎಲ್ಲೆಡೆ ಒಂದೇ ದಪ್ಪವಿದ್ದು, ಶಾಖವೂ ಸುತ್ತಲೂ ಸಮನಾಗಿ ತಾಗಿದ್ದರೆ ಮಾತ್ರ ಬಿರುಕು ನೇರ ಓಡೀತು. ಮಾರುಕಟ್ಟೆಯ ಬಾಟಲಿಗಳು ಹಾಗಿರುವುದಿಲ್ಲ, ಉರಿಯುವ ದಾರವೂ ಹಾಗೆ ಉರಿಯುವುದಿಲ್ಲ. ಜೊತೆಗೆ ಆ ದ್ರವದ ಆವಿಯೇ ಹೊತ್ತಿಕೊಳ್ಳುವಂಥದ್ದು. ಆದ್ದರಿಂದ ತಿದ್ದಿಕೊಳ್ಳಬೇಕಾದ ತಪ್ಪೇನೂ ಇಲ್ಲ, ಬಿಟ್ಟುಬಿಡಬೇಕಾದ ಕೆಲಸವದು. ನಾನೂ ಒಮ್ಮೆ ಪ್ರಯತ್ನಿಸಿ, ಒಂದು ವಾರ ಅಂಗಳದಲ್ಲಿ ಬರಿಗಾಲಿನಲ್ಲಿ ನಡೆಯಲು ಹೆದರಿದವಳು.

ಬಾಟಲಿಯನ್ನು ಇಡಿಯಾಗಿಯೇ ಬಳಸಿ. ಬಿಸಿನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ನೆನೆಸಿದರೆ ಲೇಬಲ್ ಬಿಡುತ್ತದೆ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆಯೂ ಅಡುಗೆ ಸೋಡಾವೂ ಸೇರಿಸಿದ ಮುದ್ದೆಯನ್ನು ಉಜ್ಜಿ. ಮನಿ ಪ್ಲಾಂಟ್ ಬಳ್ಳಿಯನ್ನು ಗೆಣ್ಣಿನ ಅರ್ಧ ಅಂಗುಲ ಕೆಳಗೆ ಕತ್ತರಿಸಿ, ಎರಡು ಗೆಣ್ಣು ನೀರಿನಲ್ಲಿರುವಂತೆ ಇಟ್ಟರೆ ಕೆಲವೇ ವಾರಗಳಲ್ಲಿ ಬೇರು ಕಾಣುತ್ತದೆ. ಇದಕ್ಕೆ ಹಸಿರು ಅಥವಾ ಕಂದು ಬಾಟಲಿ ಉತ್ತಮ, ಬೆಳಕು ಕಡಿಮೆ ಒಳಹೋಗುವುದರಿಂದ ಪಾಚಿ ತಡವಾಗಿ ಕಟ್ಟುತ್ತದೆ. (ಆ ಬಾಟಲಿಯಲ್ಲಿ ಮೊದಲು ಏನಿತ್ತೆಂದು ನೆಂಟರು ಕೇಳಿದರೆ ಉತ್ತರ ನಿಮ್ಮ ಹೊಣೆ.) ಕರಾವಳಿಯವರು ಒಂದನ್ನು ಮರೆಯಕೂಡದು: ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಷ್ಟೇ ನೀರಿನಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿ, ಬಾಟಲಿಯ ಒಳಭಾಗವನ್ನು ಉಜ್ಜಿ, ಹೊಸ ನೀರು ತುಂಬಲೇಬೇಕು. ಅಷ್ಟು ಪುರುಸೊತ್ತಿಲ್ಲದಿದ್ದರೆ ಒಣಗಿದ ಹುಲ್ಲಿನ ತೆನೆಗಳನ್ನು ಸಿಕ್ಕಿಸಿಡಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ತಲೆಮಾರು ತೂಗಿದ ಬಣ್ಣದ ಮರದ ತೊಟ್ಟಿಲು ಇದೆ. ಅದರ ಬಣ್ಣ ಕೆರೆದು ಹೊಸ ಬಣ್ಣ ಬಳಿದು ಮೊಮ್ಮಕ್ಕಳ ಆಟಿಕೆ ಪೆಟ್ಟಿಗೆ ಮಾಡಬೇಕೆಂದಿದ್ದೇವೆ. ಸರಿಯೇ?
– ನಿವೃತ್ತ ನೌಕರರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ಕೆರೆಯಬೇಡಿ. ನಿಮ್ಮ ಊರಿನ ಹತ್ತಿರದ ಕಲಘಟಗಿಯ ತೊಟ್ಟಿಲುಗಳು ನಾಡಿನಲ್ಲೆಲ್ಲ ಹೆಸರಾದವು. ಪುರಾಣದ ಚಿತ್ರಗಳು, ಹೊಳೆಯುವ ಅರಗಿನ ಬಣ್ಣ ನಿಮ್ಮ ತೊಟ್ಟಿಲಿನಲ್ಲಿಯೂ ಇದ್ದರೆ ಅದು ಆ ಪೈಕಿಯದೇ ಇರಬಹುದು, ಹೊಸ ಬಣ್ಣ ಬಳಿದರೆ ನಷ್ಟವೇ ಹೊರತು ಲಾಭವಿಲ್ಲ. ಅರಗು ಸ್ಪಿರಿಟ್ಟಿನಲ್ಲಿ ಕರಗುವುದರಿಂದ ಸ್ಪಿರಿಟ್, ಥಿನ್ನರ್ ಸೋಕಿಸಲೇಬೇಡಿ. ಮೃದುವಾದ ಒಣ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ತಳದಲ್ಲಿ ಹಿಟ್ಟಿನಂಥ ಮರದ ಪುಡಿ ಉದುರುತ್ತಿದ್ದರೆ ಹುಳು ಹಿಡಿದಿದೆಯೆಂದು ಅರ್ಥ. ಹುಳು ನಿರೋಧಕ ದ್ರಾವಣವನ್ನು ಸಿರಿಂಜಿನಿಂದ ತೂತುಗಳಿಗೆ ಬಿಟ್ಟು, ಒಣಗಿದ ಮೇಲೆ ಮೇಣದಿಂದ ಮುಚ್ಚಿ.

ತೊಟ್ಟಿಲಿನದು ಸಾಮಾನ್ಯ ಎನಾಮಲ್ ಬಣ್ಣವಾಗಿದ್ದರೂ ಎಚ್ಚರಿಕೆ ಬೇಕು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಎಷ್ಟಿದೆಯೆಂದು ಕಣ್ಣಿಗೆ ತಿಳಿಯುವುದಿಲ್ಲ. ಒಣ ಮರಳು ಕಾಗದದಿಂದ ಉಜ್ಜಿದರೆ ಆ ಧೂಳು ಮನೆಯವರ ಉಸಿರಿಗೂ ನೆಲಕ್ಕೂ ಸೇರುತ್ತದೆ, ನೆಲದಿಂದ ಮಕ್ಕಳ ಬಾಯಿಗೆ. ಕಂಡದ್ದನ್ನೆಲ್ಲ ಬಾಯಿಗಿಟ್ಟುಕೊಳ್ಳುವ ವಯಸ್ಸಿನ ಮಕ್ಕಳಿಗೆ ಈ ತೊಟ್ಟಿಲು ಆಟಿಕೆ ಪೆಟ್ಟಿಗೆಯಾಗುವುದು ಬೇಡ. ಹಜಾರದ ಮೂಲೆಯಲ್ಲಿ ಇಟ್ಟು, ಮಡಿಚಿದ ಕೌದಿ, ಕಂಬಳಿಗಳನ್ನು ತುಂಬಿರಿ. ಬಾಗಲಕೋಟೆಯ ಓದುಗರ ಕೌದಿ ಇಂಥ ತೊಟ್ಟಿಲಿನ ಅಂಚಿನಿಂದ ಇಳಿಬಿದ್ದರೆ ಎಷ್ಟು ಚೆನ್ನ ಎಂದು ನನಗೆ ಈ ಎರಡು ಪತ್ರಗಳನ್ನು ಒಟ್ಟಿಗೆ ಓದುವಾಗ ಅನ್ನಿಸಿತು.

ಪ್ರಶ್ನೆ: ಎಣ್ಣೆಯ ಚೌಕ ಡಬ್ಬಗಳಿಗೆ ಬಣ್ಣ ಬಳಿದು ಗಿಡ ನೆಟ್ಟರೆ ಒಂದೇ ಮಳೆಗಾಲಕ್ಕೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ತುಮಕೂರು

ಉತ್ತರ: ಜಿಡ್ಡಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಬಿಸಿನೀರು ಮತ್ತು ಅಂಟುವಾಳದ ನೀರಿನಿಂದ ಡಬ್ಬವನ್ನು ಒಳಗೂ ಹೊರಗೂ ಎರಡು ಬಾರಿ ತೊಳೆದು ಒಣಗಿಸಿ. 120 ನಂಬರಿನ ಮರಳು ಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಿ, ಒರೆಸಿ, ರೆಡ್ ಆಕ್ಸೈಡ್ ಪ್ರೈಮರ್ ಬಳಿದು ಒಂದು ರಾತ್ರಿ ಬಿಡಿ. ಅನಂತರ ಎನಾಮಲ್ ಬಣ್ಣವನ್ನು ತೆಳುವಾಗಿ ಎರಡು ಸಲ ಬಳಿಯಿರಿ. ದಪ್ಪಗೆ ಒಂದೇ ಸಲ ಬಳಿದದ್ದೇ ಸಿಪ್ಪೆ ಏಳುವುದು. ಕತ್ತರಿಸಿದ ಬಾಯಿಗೆ ಉದ್ದಕ್ಕೆ ಸೀಳಿದ ಹಳೆಯ ನೀರಿನ ಪೈಪನ್ನು ಸಿಕ್ಕಿಸಿದರೆ ಕೈ ಕೊಯ್ಯುವುದಿಲ್ಲ. ತಳಕ್ಕೆ ಐದಾರು ತೂತು ಹೊಡೆದು, ಇಟ್ಟಿಗೆ ಚೂರುಗಳ ಮೇಲೆ ನಿಲ್ಲಿಸಿ. ಇಷ್ಟೆಲ್ಲ ಮಾಡಿದರೂ ತುಕ್ಕು ಒಳಗಿನಿಂದ ಬಂದೇ ಬರುತ್ತದೆ, ಎರಡು ಮೂರು ವರ್ಷ ಬಾಳಿದರೆ ತೃಪ್ತಿಪಡಿ. ಬಣ್ಣ ತುಂಬಿದ್ದ ಡಬ್ಬಗಳಲ್ಲಿ ಸೊಪ್ಪು, ಪುದೀನ ಬೆಳೆಯಬೇಡಿ.

ಪ್ರಶ್ನೆ: ಶಾಲೆಯ ಮಕ್ಕಳಿಗೆ ರಜೆಯಲ್ಲಿ ಖರ್ಚಿಲ್ಲದ ಕರಕುಶಲ ಕಲಿಸಬೇಕಿದೆ. ಹಳೆಯ ಪತ್ರಿಕೆಗಳು ಮಾತ್ರ ಧಾರಾಳವಾಗಿವೆ. ಸೂಚಿಸುವಿರಾ?
– ಶಿಕ್ಷಕಿ, ಮಂಡ್ಯ

ಉತ್ತರ: ನಿಮ್ಮ ಶಾಲೆಯ ಮಕ್ಕಳ ಅಜ್ಜಿಯರನ್ನೇ ಕರೆಸಿ. ಬಿದಿರಿನ ಮೊರದ ಸಂದುಗಳಿಂದ ರಾಗಿ ಸೋರದಂತೆ, ನೆನೆಸಿದ ಮೆಂತ್ಯವನ್ನೂ ಕಾಗದವನ್ನೂ ಸೇರಿಸಿ ರುಬ್ಬಿ ಬಳಿಯುತ್ತಿದ್ದುದು ಅವರಿಗೆ ನೆನಪಿರುತ್ತದೆ. ಅದೇ ಮುದ್ದೆಯಿಂದ ಬುಟ್ಟಿಗಳನ್ನೂ ಮಾಡುತ್ತಿದ್ದರು. ಮೆಂತ್ಯ ನೆಂದಾಗ ಬಿಡುವ ಲೋಳೆಯೇ ಅಂಟು, ಅದರ ಕಹಿಗೆ ಹುಳುವೂ ಬೇಗ ಬಾರದು. ಅಂಗಡಿಯಿಂದ ಗೋಂದು ತರುವ ಅಗತ್ಯವೇ ಇಲ್ಲ.

ಪತ್ರಿಕೆಗಳನ್ನು ಚೂರು ಮಾಡಿ ಎರಡು ದಿನ ನೆನೆಸಿ, ನಡುವೆ ಎರಡು ಬಾರಿ ನೀರು ಬದಲಿಸಿ, ಹಿಂಡಿ. ಎರಡು ಬೊಗಸೆ ತಿರುಳಿಗೆ ರಾತ್ರಿ ನೆನೆಸಿದ ಒಂದು ಹಿಡಿ ಮೆಂತ್ಯದಂತೆ ಸೇರಿಸಿ ನುಣ್ಣಗೆ ರುಬ್ಬಿಕೊಳ್ಳಿ. ಸ್ಟೀಲಿನ ಬಟ್ಟಲನ್ನು ಬೋರಲು ಹಾಕಿ, ಹಾಲಿನ ಪ್ಯಾಕೆಟ್ಟಿನ ಹಾಳೆ ಮುಚ್ಚಿ, ಅದರ ಮೇಲೆ ಅರ್ಧ ಬೆರಳಿನಷ್ಟು ದಪ್ಪಕ್ಕೆ ಮುದ್ದೆಯನ್ನು ತಟ್ಟಬೇಕು. ಒಂದು ದಿನ ನೆರಳಿನಲ್ಲಿ ಒಣಗಿಸಿ, ಆಮೇಲೆ ಬಿಸಿಲಿಗೆ ಇಡಿ. ಮೊದಲೇ ಬಿಸಿಲಿಗಿಟ್ಟರೆ ಹೊರಮೈ ಬಿಗಿದು ಸೀಳುತ್ತದೆ. ಬೇಸಿಗೆ ರಜೆ ಇದಕ್ಕೆ ಹೇಳಿಮಾಡಿಸಿದ ಕಾಲ, ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಖಚಿತ. ಒಣಗಿದ ಬುಟ್ಟಿಗೆ ಸುಣ್ಣ ಬಳಿದು ಕೆಮ್ಮಣ್ಣಿನಿಂದ ಎಳೆ ಬರೆದರೆ ಬೇರೆ ಬಣ್ಣ ಬೇಕಾಗದು.

ಒಂದು ಮಾತು ಮಾತ್ರ ಮಕ್ಕಳಿಗೆ ಹೇಳಿ: ಈ ಬುಟ್ಟಿ ಪೆನ್ಸಿಲ್ಲಿಗೆ, ಗುಂಡಿಗಳಿಗೆ, ಬಳೆಗಳಿಗೆ. ಮುದ್ರಣದ ಶಾಯಿ ಆಹಾರಕ್ಕೆ ಸೇರಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ತಿಂಡಿಯನ್ನು ಪತ್ರಿಕೆಯಲ್ಲಿ ಕಟ್ಟಿಕೊಡುವುದರ ವಿರುದ್ಧವೇ ಎಚ್ಚರಿಸಿದೆ. ಹುರಿಗಡಲೆ ತುಂಬಲು ಅಜ್ಜಿಯ ಹಳೆಯ ಬುಟ್ಟಿಯೂ ಬೇಡ. ಪುಸ್ತಕ ಕಟ್ಟುವವರು ಮೈದಾ ಅಂಟಿಗೆ ಬೆರೆಸುವ ಮೈಲುತುತ್ತವನ್ನು ಕೂಡ ಶಾಲೆಯೊಳಗೆ ತರಬೇಡಿ, ಅದು ವಿಷ.

ಪ್ರಶ್ನೆ: ಗೋದಾಮಿನ ಬಳಿ ಸರಕು ಇಡುವ ಮರದ ಪ್ಯಾಲೆಟ್‌ಗಳು ಅಗ್ಗದಲ್ಲಿ ಸಿಗುತ್ತವೆ. ಮಂಚ ಮಾಡಿಸಬಹುದೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಮರದ ಮೇಲಿನ ಮುದ್ರೆ ನೋಡಿ ಕೊಳ್ಳಿ. ವಿದೇಶದಿಂದ ಬಂದ ಪ್ಯಾಲೆಟ್‌ಗಳಲ್ಲಿ ಗೋಧಿ ತೆನೆಯ ಚಿಹ್ನೆಯ ಪಕ್ಕದಲ್ಲಿ ಇಂಗ್ಲಿಷಿನ ‘ಎಚ್‌ಟಿ’ ಅಕ್ಷರಗಳಿದ್ದರೆ ಬಿಸಿ ಮಾಡಿ ಹುಳು ಕೊಂದ ಮರ, ಬಳಸಬಹುದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ ಮರ, ಮಲಗುವ ಕೋಣೆಗೆ ತರಬೇಡಿ. ಮುದ್ರೆಯೇ ಇಲ್ಲದ್ದರಲ್ಲಿ ಎಣ್ಣೆಯ ಕಲೆ, ರಾಸಾಯನಿಕದ ವಾಸನೆ ಇದ್ದರೆ ಅದೆಷ್ಟು ಅಗ್ಗವಾದರೂ ಬಿಟ್ಟುಬಿಡಿ.

ಪ್ರಶ್ನೆ: ಈ ಬಾರಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೊದಲ ಸಲ ದಸರೆಯ ಗೊಂಬೆ ಕೂರಿಸುತ್ತಿದ್ದೇವೆ. ಅಮ್ಮ ಮೈಸೂರಿನಿಂದ ಪಟ್ಟದ ಗೊಂಬೆಗಳನ್ನು ಕಳುಹಿಸಿದ್ದಾರೆ. ಒಂಬತ್ತು ದಿನಕ್ಕಾಗಿ ಮೆಟ್ಟಿಲು ಕೊಳ್ಳಲು ಇಷ್ಟವಿಲ್ಲ. ಮನೆಯ ಸಾಮಾನಿನಲ್ಲೇ ಆದೀತೆ?
– ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಮೆಟ್ಟಿಲು ಬೆಸಸಂಖ್ಯೆಯಲ್ಲಿರಬೇಕೆಂಬುದಷ್ಟೇ ವಾಡಿಕೆ, ಮೂರು ಸಾಕು. ಮೈಸೂರಿನ ಮನೆಗಳಲ್ಲಿಯೂ ಕಬ್ಬಿಣದ ಟ್ರಂಕು, ಡಬ್ಬ, ಮಣೆಗಳನ್ನು ಒಟ್ಟಿ ಮೆಟ್ಟಿಲು ಕಟ್ಟುತ್ತಿದ್ದರು. ಟ್ರಂಕಿನ ಜಾಗದಲ್ಲಿ ನಿಮಗೆ ಊರಿಗೆ ಬಂದುಹೋಗುವ ದೊಡ್ಡ ಸೂಟ್‌ಕೇಸ್‌ಗಳಿವೆ. ಗೋಡೆಗೆ ಒತ್ತಿ ಊಟದ ಮೇಜು, ಅದರ ಮುಂದೆ ಬೆಂಚು, ಬೆಂಚಿನ ಮುಂದೆ ಮಲಗಿಸಿದ ಎರಡು ಸೂಟ್‌ಕೇಸ್‌ಗಳು. ಅವುಗಳ ಮೈ ಕುಸಿಯದಂತೆ ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ ಎರಡು ಪದರ ಹಾಸಿ. ಮೇಲಿನಿಂದ ಕೆಳಗಿನವರೆಗೆ ಬಿಳಿ ಪಂಚೆಗಳನ್ನು ಹೊದಿಸಿ, ಹಿಂಬದಿಯಲ್ಲಿ ಪಿನ್ನು ಹಾಕಿ ಬಿಗಿಯಿರಿ. ಪಟ್ಟದ ಗೊಂಬೆಗಳಾದ ರಾಜರಾಣಿಯರು ಎಲ್ಲಕ್ಕಿಂತ ಮೇಲೆ ಕೂರಲಿ. ಬಟ್ಟೆಯ ಮೇಲೆ ಅಲುಗಾಡುವ ಗೊಂಬೆಯ ಅಡಿಗೆ ಹುಣಸೆಬೀಜದಷ್ಟು ಮೆದುಮೇಣ ಒತ್ತಿದರೆ ನಿಲ್ಲುತ್ತದೆ.

ಗೊಂಬೆಗಳ ಮುಂದೆ ಹಸಿರಿನ ‘ಪಾರ್ಕ್’ ಮಾಡಲು ಊಟ ತರಿಸಿದ ಪ್ಲಾಸ್ಟಿಕ್ ಡಬ್ಬಿಗಳ ಮುಚ್ಚಳ ಸಾಕು. ಒಳಗೆ ಒದ್ದೆ ಬಟ್ಟೆ ಹಾಸಿ ಹಬ್ಬಕ್ಕೆ ಐದಾರು ದಿನ ಮೊದಲು ಸಾಸಿವೆ ಚೆಲ್ಲಿ. ಅಲ್ಲಿ ಅಷ್ಟು ಹೊತ್ತಿಗೆ ತಂಪು ಶುರುವಾಗಿರುವುದರಿಂದ ಮುಚ್ಚಳಗಳನ್ನು ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಟ್ಟು, ಮೊಳಕೆ ಒಡೆದ ಮೇಲೆ ಕಿಟಕಿಯ ಬೆಳಕಿಗೆ ಸರಿಸಿ.